ಹೊರಟಿದ್ದು ಗಂಟು ಮಾತ್ರ

ಕಟಪಾಡಿ ಪೇಟೆಯಲ್ಲಿ ಧೈರ್ಯವಂತರು ಎಷ್ಟೋ ಜನ ಇರಬಹುದು, ಆದರೆ ನಮ್ಮ ಮಾನಪ್ಪ ಅವರ ಪೈಕಿ ಅಲ್ಲ. ನಾಲ್ಕನೇ ಮಾಳಿಗೆಯಲ್ಲಿ ನಿಂತು ಗೋಡೆ ಕಟ್ಟುವಾಗ ನಡುಗದ ಈ ಗೌಂಡಿಗೆ ಯಾರಾದರೂ ಪೇಪರು ಬಿಡಿಸಿ ಓದಲು ಕೂತರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. 2009ರ ಬೇಸಿಗೆಯಂತೂ ಅವನ ಜೀವ ಹಿಂಡಿಬಿಟ್ಟಿತು. ದುಬೈಯಲ್ಲಿ ದುಡ್ಡು ಬತ್ತಿಹೋಯಿತೆಂದು ಮಣಿಪಾಲದಲ್ಲಿ ಅವನು ಕಟ್ಟುತ್ತಿದ್ದ ಫ್ಲ್ಯಾಟು ಅರ್ಧಕ್ಕೇ ನಿಂತಿತು. (ದುಬೈ ಎಲ್ಲಿ, ಮಣಿಪಾಲದ ಇಟ್ಟಿಗೆ ಎಲ್ಲಿ! ಆದರೆ ಕಂತ್ರಾಟುದಾರ ಹಾಗೆಂದ, ಇವನು ನಂಬಿದ.) ಸಾಲದ್ದಕ್ಕೆ ಓಟು ಬೇರೆ ಹತ್ತಿರ ಬಂದಿತ್ತು. ಓಟು ಮುಗಿದ ಮರುದಿನವೇ ಘಟ್ಟದ ಮೇಲಿನಿಂದ ದುಡಿಯಲು ಬಂದ ಇವನಂಥವರನ್ನೆಲ್ಲ ಊರು ಬಿಡಿಸುತ್ತಾರಂತೆ ಎಂದು ಚಹಾದಂಗಡಿಯಲ್ಲಿ ಯಾರೋ ಅಂದರು. ಯಾರು ಬಿಡಿಸುತ್ತಾರೆ ಎಂದು ಕೇಳುವಷ್ಟು ಧೈರ್ಯವೂ ಮಾನಪ್ಪನಿಗೆ ಇರಲಿಲ್ಲ.

"ಏ ರತ್ನವ್ವ, ಸಾಮಾನು ಕಟ್ಟು. ಊರಿಗೆ ಹೋಗೂಣು," ಎಂದ.

"ಊರಾಗ ಏನೈತ್ರಿ? ಇದ್ದೊಂದು ಮನಿಯಾಗ ನಿಮ್ಮಣ್ಣ ಎಮ್ಮಿ ಕಟ್ಯಾನ," ಎಂದಳು ಹೆಂಡತಿ. "ಎಮ್ಮಿ ಎಬ್ಬಿಸಿ ನಾವು ಮಲಗೂದೇನು? ಮಗಳು ಇಲ್ಲೇ ಸಾಲಿಗೆ ಹೊಕ್ಕಾಳ, ತುಳು ಸೈತ ಮಾತಾಡ್ತಾಳ. ನಾ ಬರಂಗಿಲ್ಲ."

"ಜೀವ ಇದ್ರ ಸಾಲಿ!"

"ಜೀವಕ್ಕೇನಾಗೈತಿ ಈಗ?"

"ಇನ್ನ ಆಗಿಲ್ಲ. ಅದಕ್ಕ ಹೆದ್ರಿಕಿ!"

ಇವರಿದ್ದದ್ದು ಪುತ್ತುಬ್ಬ ಬ್ಯಾರಿಗಳ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ. ಪುತ್ತುಬ್ಬರಿಗೆ ಪೇಟೆಯಲ್ಲಿ ಜೀನಸಿನ ಅಂಗಡಿ. ಮಗ ಸಿರಾಜ್ ದುಬೈಯಲ್ಲಿ ಕೆಲಸ ಕಳೆದುಕೊಂಡು ರೂಮಿನಲ್ಲಿ ಕೂತಿದ್ದ. ಮಾನಪ್ಪ ಬೆಳಿಗ್ಗೆ ಎದ್ದವನೇ ಮೊದಲು ಧಣಿಗಳ ಜಗಲಿಯತ್ತ ಇಣುಕುತ್ತಿದ್ದ. ಸಾವುಕಾರರು ಚಹಾ ಕುಡಿಯುತ್ತಿದ್ದರೆ ಇವತ್ತಿಗೆ ಗಂಡಾಂತರವಿಲ್ಲ ಎಂದು ಅವನ ಲೆಕ್ಕ. (ಸಾವುಕಾರರು ಚಹಾ ಕುಡಿಯುತ್ತ ಯಾವ ಕಡೆ ನೋಡುತ್ತಿದ್ದರು ಎಂದು ಇವನು ಗಮನಿಸಲಿಲ್ಲ.)

ಹೊರಡಲು ಸೋಮವಾರ ಒಳ್ಳೆಯ ದಿನ. ಅದು ತಪ್ಪಿದರೆ ಅಮಾವಾಸ್ಯೆ ಕಳೆಯುವ ತನಕ ಕಾಲು ಹೊರಗಿಡುವಂತಿಲ್ಲ. ಹೊರಡಲು ಹೆಂಡತಿ ಒಪ್ಪಳು, ಉಳಿಯಲು ಎದೆ ಒಪ್ಪದು. ಆಗ ಅವನಿಗೆ ಅವ್ವ ಮಾಡುತ್ತಿದ್ದ ಪ್ರಸ್ಥಾನ ನೆನಪಾಯಿತು. ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದವರು ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ಉಡುವ ಒಂದು ಬಟ್ಟೆ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಆ ಗಳಿಗೆಯಲ್ಲೇ ಹೊರಟಂತೆ. ಆಮೇಲೆ ಗಂಟಿನ ಹಿಂದೆ ನಿಧಾನವಾಗಿ ಹೋದರಾಯಿತು. ಆಹಾ, ಹೇಡಿಗಳ ಮೇಲೆ ಹಿರಿಯರಿಗೆ ಎಷ್ಟು ಕರುಣೆ!

ಊರಿನ ದಿಕ್ಕಿಗಿದ್ದದ್ದು ಧಣಿಗಳ ಮನೆಯೇ. ಸೋಮವಾರ ಬೆಳಿಗ್ಗೆ ಗಂಟು ಹಿಡಿದು ಅಲ್ಲಿಗೆ ಹೋದ. ಪುತ್ತುಬ್ಬರ ಹೆಂಡತಿ ಆಸ್ಯಾ ಬಾಗಿಲು ತೆರೆದರು.

"ಎಂತ ಇದು ಮಾನಪ್ಪ?"

"ಊರಿಗೆ ಹೊಂಟೀವ್ರಿ ಅಕ್ಕಾರ. ಅಂದ್ರ, ನಾವು ಹೊಂಟಿಲ್ರಿ. ಗಂಟು ಹೊಂಟೈತ್ರಿ."

"ಗಂಟು ಒಂದೇ ಹೋಗ್ತದಾ?"

"ಇಲ್ರಿ, ಅದು ಇಲ್ಲೇ ನಿಮ್ಮನಿಯಾಗ ಇರ್ತೈತ್ರಿ."

ಆಸ್ಯಾ ಗಂಟನ್ನು ಕಪಾಟಿನ ಮೇಲಿಟ್ಟರು. ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ, ಈ ಪ್ರವಚನದಲ್ಲಿ ತಮಗೆ ಅರ್ಥವಾದಷ್ಟನ್ನು ಹೇಳಿದರು: ಮಾನಪ್ಪ ಊರು ಬಿಡ್ತಾನೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಟೆಂಪೋ ನಿಂತಿತ್ತು. ಓಟು ಇನ್ನೂ ಆಗಿಲ್ಲ, ಆಗಲೇ ಬಿಡಿಸಲು ಬಂದರಲ್ಲಪ್ಪಾ! ಓಡಿಹೋಗಿ ಪುತ್ತುಬ್ಬರ ಕೈ ಹಿಡಿದುಕೊಂಡ.

"ಸಾವ್ಕಾರ್ರ, ನಮ್ಮನ್ನ ಹೊರಗ ಹಾಕಬ್ಯಾಡ್ರಿ! ಗಂಟು ಸುಮ್ಮನ ಇಟ್ಟೇನ್ರಿ!"

"ನಿನ್ನನ್ನು ಯಾರು ಹಾಕ್ತಾರೆ ಮಾರಾಯ? ಹೋಗುವುದು ನಾವು," ಎಂದರು ಪುತ್ತುಬ್ಬ. ಅವರ ಮುಖವೂ ಬಿಳಿಚಿತ್ತು. "ಕಲ್ಯಾಣಪುರದಲ್ಲಿ ತಂಗಿಯ ಮನೆ ಉಂಟು. ಓಟಿನ ಗಲಾಟೆಗೆ ನನಗೂ ಹೆದರಿಕೆಯೇ; ಇಷ್ಟು ದಿನ ನಿನ್ನನ್ನು ನೋಡಿಯೇ ನಾನು ಧೈರ್ಯದಲ್ಲಿ ಇದ್ದದ್ದು. ನೀನು ಮಣಿಪಾಲ, ಉಡುಪಿ ಎಲ್ಲ ತಿರುಗುವವ, ನಾಲ್ಕು ಸುದ್ದಿ ಗೊತ್ತಿರ್ತದೆ. ನೀನೇ ಹೊರಟೆ ಅಂದ ಮೇಲೆ ನಾನು ಎಂತಕ್ಕೆ ಕೂತ್ಕೊಳ್ಳಲಿ?"

"ಯಪ್ಪಾ! ನಾ ನಿಮ್ಮನ್ನ ನೋಡಿ ಇದ್ನಲ್ರಿ!"

ಅಷ್ಟರಲ್ಲಿ ರತ್ನವ್ವ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಯಾರು ಹೊಂಟಾರ್ರಿ? ನಾವು ಎಲ್ಲೂ ಹೋಗಂಗಿಲ್ಲ. ನೀವೂ ಸಾಮಾನು ಇಳಸ್ರಿ."

"ಏರಿಸಿದ್ದನ್ನು ಇಳಿಸ್ಲಿಕ್ಕೆ ನನಗೆ ಸೊಂಟ ಇಲ್ಲ," ಎಂದರು ಆಸ್ಯಾ, ಆಗಲೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತವರು. "ಅಲ್ಲಿ ನಾದಿನಿ ಬಿರಿಯಾನಿ ಮಾಡಿ ಕಾಯ್ತಿದ್ದಾಳೆ."

ಪುತ್ತುಬ್ಬರಿಗೆ ತಟ್ಟನೆ ಏನೋ ಹೊಳೆಯಿತು. "ನೀವು ಹೋಗುವುದಿಲ್ವಾ? ಹಾಗಾದ್ರೆ ಒಳ್ಳೇದೇ ಆಯ್ತು! ಬೀಗ ಹಾಕಿದ ಮನೆ ಕಳ್ಳರ ಕಣ್ಣಿಗೆ ಬೀಳ್ತದೆ. ನೀವೇ ಒಳಗೆ ಬಂದು ಇರಿ. ನಿಮ್ಮ ಗಂಟು ಹೇಗೂ ಅಲ್ಲೇ ಉಂಟಲ್ವಾ?" ಎಂದು ಬೀಗದ ಕೈ ಮಾನಪ್ಪನ ಅಂಗೈಯಲ್ಲಿಟ್ಟು ಹತ್ತಿ ಕೂತೇಬಿಟ್ಟರು.

ಹೀಗೆ ಮಾನಪ್ಪನ ಮನೆ ಬದಲಾಯಿತು. ರತ್ನವ್ವನಿಗೆ ಹಬ್ಬ: ಒಳಗೇ ನಲ್ಲಿ, ತಲೆಯ ಮೇಲೆ ಫ್ಯಾನು. ಮಾನಪ್ಪನಿಗೋ ಪ್ರಾಣಸಂಕಟ. ಹಿಂದಿನ ಕೋಣೆಗೆ ಒಂದೇ ಬಾಗಿಲು, ಕಳ್ಳನೂ ತಿರುಗಿ ನೋಡದ ಬಾಗಿಲು. ಇಲ್ಲಿ ಮುಂದೊಂದು, ಹಿಂದೊಂದು, ಟೆರೇಸಿಗೊಂದು; ಕಿಟಕಿಗಳ ಮಾತಂತೂ ಬೇಡ. ಎಲ್ಲ ಬಿಟ್ಟು ಓಡಿಹೋಗೋಣವೆಂದರೆ ಬೀಗದ ಕೈ ತನ್ನ ಸೊಂಟದಲ್ಲಿ. ನಂಬಿ ಕೊಟ್ಟವರ ಮನೆ ಬಿಟ್ಟು ಓಡುವಷ್ಟು ಕೆಟ್ಟವನಂತೂ ಅವನಲ್ಲ.

ಸಂಜೆ ಫೋನು ಬಡಿದುಕೊಂಡಿತು. ಮಾನಪ್ಪ ಕೂತಲ್ಲೇ ಹಾರಿಬಿದ್ದ.

"ಹೇಗುಂಟು ಮಾನಪ್ಪ ಅಲ್ಲಿ?" ಪುತ್ತುಬ್ಬರ ದನಿ. "ಇಲ್ಲಿ ಆಸ್ಯಾಳಿಗೂ ತಂಗಿಗೂ ಆಗಲೇ ಜಗಳ ಶುರುವಾಗಿದೆ ಮಾರಾಯ. ಹೆದರಿಕೆ ಎಂತದೂ ಇಲ್ಲ ಅಂತ ನೀನೊಂದು ಮಾತು ಹೇಳು, ನಾಳೆಯೇ ಬಂದುಬಿಡ್ತೇವೆ."

ಒಂದೇ ಮಾತು! ಅಷ್ಟಕ್ಕೆ ತನ್ನ ಕೋಣೆ, ತನ್ನ ಒಂದೇ ಬಾಗಿಲು ತನಗೆ ವಾಪಸು. ಮಾನಪ್ಪ ಹುಟ್ಟಿದಾಗಿನಿಂದ ಕೂಡಿಟ್ಟ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡ.

"ಹೆ... ಹೆದ್ರಿಕಿ ಏ... ಏನೂ ಇಲ್ರಿ ಸಾ... ಸಾವ್ಕಾರ್ರ! ಲ... ಲಗೂನ ಬರ್ರಿ!"



"ಅಲ್ಲಾ! ನಿನ್ನಂಥವನ ದನಿಯೇ ಹೀಗೆ ನಡುಗ್ತಾ ಉಂಟಾ? ಬೇಡಪ್ಪ ಬೇಡ. ಓಟು ಮುಗಿದು ಮಳೆಗಾಲವೂ ಕಳೀಲಿ," ಎಂದು ಪುತ್ತುಬ್ಬರು ಫೋನಿಟ್ಟರು.

"ಯಾರ್ರೀ ಅದು?" ಒಳಗಿನಿಂದ ರತ್ನವ್ವ ಕೂಗಿದಳು.

"ಯಾರೂ ಅಲ್ಲ. ಮುಂಬಾಗಲಾ ಹಾಕಿ ಬಾ," ಎಂದ ಮಾನಪ್ಪ. ಆ ಬಾಗಿಲಿನವರೆಗೆ ತಾನೇ ಎದ್ದು ಹೋಗಲು ಅವನಿಗೆ ಧೈರ್ಯವಾಗಲಿಲ್ಲ.