ಬೆಡಗು ಕೇಳದ ಧಾರಾವಾಹಿಗಳು

ಮಾತು ಬಾರದವರಿಗೆ ಇನ್ನೊಬ್ಬರು ಮಾತಾಡುವುದನ್ನು ನೋಡುತ್ತ ಕೂರುವುದು ಒಂದು ದೊಡ್ಡ ಸುಖ. ನನಗೆ ಬಾಯಿಲ್ಲವೆಂದಲ್ಲ, ಜನರ ಎದುರು ಅದು ತೆರೆಯುವುದಿಲ್ಲ, ಅಷ್ಟೆ. ತಿಳವಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುತ್ತಿತ್ತು. ಆದರೆ ಎದ್ದು ನಿಂತು ಹೇಳಬೇಕಲ್ಲ ಎಂದು ಹೆದರಿ, ಗೊತ್ತಿಲ್ಲದವರ ಜೊತೆ ತಲೆ ತಗ್ಗಿಸಿ ಕೂತು ಛಡಿ ಏಟು ತಿನ್ನುತ್ತಿದ್ದೆ. ಮದುವೆಯಾಗಿ ಹಾನಗಲ್ಲಿಗೆ ಬಂದ ಮೇಲೆ ನಿಮ್ಮ ಅಜ್ಜ ನನ್ನ ಪಾಲಿನ ಮಾತನ್ನೂ ತಾವೇ ಆಡುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಬಹಳ ಜಾಗ ಖಾಲಿಯಾಯಿತು. ಆ ಜಾಗದಲ್ಲಿ ನಿಮ್ಮ ಅಕ್ಕ ಅಕ್ಷತಾ ಕೊರಿಯಾದವರನ್ನು ತಂದು ಕೂರಿಸಿದಳು.

ಮೊಮ್ಮಕ್ಕಳೇ, ನಿಮ್ಮ ಆಯಿ ದಿನಕ್ಕೆ ಎರಡು ಕಂತು ನೋಡುತ್ತಾಳೆ ಎಂದು ನೀವು ನಗುತ್ತೀರಿ. ನಗಿರಿ. ಆದರೆ ನಾನು ಕಣ್ಣು ಮುಚ್ಚಿಕೊಂಡು ಮೆಚ್ಚಿದವಳಲ್ಲ. ಮೊದಲ ವಾರವಂತೂ ಬಹಳ ಕಷ್ಟವಾಯಿತು. ಅವರ ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ. ಹಾಗಾಗಿ ಬಟ್ಟೆ ನೋಡಿ ಗುರುತು ಹಿಡಿದೆ: ಇವನು ಕೆಂಪು ಕೋಟಿನವ, ಅವಳು ಹಳದಿ ಚೀಲದವಳು. ಎರಡನೆಯ ಕಂತಿನಲ್ಲಿ ಕೆಂಪು ಕೋಟನ್ನು ಹಳದಿ ಚೀಲದವಳ ಹೆಗಲಿಗೆ ಹೊದಿಸಿದರು. ನನ್ನ ಲೆಕ್ಕವೆಲ್ಲ ತಪ್ಪಿತು. ಕಡೆಗೆ ಎಲ್ಲರಿಗೂ ನಮ್ಮ ಹೆಸರು ಇಟ್ಟೆ. ನಾಯಕ ಮಲ್ಲಪ್ಪನಾದ, ನಾಯಕಿ ಕಸ್ತೂರಿಯಾದಳು. ಅಕ್ಷತಾ ಅವರ ಮಾತನ್ನು ಕನ್ನಡದ ದನಿಗೆ ತಿರುಗಿಸಿಕೊಟ್ಟಳು. ಅಲ್ಲಿ ಮಾತು ಮುಗಿದರೂ ತುಟಿ ಅಲ್ಲಾಡುತ್ತಲೇ ಇರುತ್ತದೆ. ನನ್ನದು ಇದಕ್ಕೆ ಉಲ್ಟಾ. ಮಾತು ಒಳಗೆ ನಡೆದೇ ಇರುತ್ತದೆ, ತುಟಿ ಅಲ್ಲಾಡುವುದಿಲ್ಲ.

ಅವರಲ್ಲಿ ನನಗೆ ಸೇರಿದ್ದು ಬಹಳ ಇದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ನೆಲದ ಮೇಲೆ ಕೂತು ಉಣ್ಣುತ್ತಾರೆ. ಹಿರಿಯರಿಗೆ ಏನು ಕೊಡುವುದಿದ್ದರೂ ಎರಡು ಕೈಯಿಂದ ಕೊಡುತ್ತಾರೆ. ಓಣಿಯ ಹೆಂಗಸರೆಲ್ಲ ಸೇರಿ ಕೋಸಿಗೆ ಖಾರ ಬಳಿದು ಗಡಿಗೆ ತುಂಬುವುದನ್ನು ನೋಡಿದಾಗ, ನಾವು ಅಂಗಳದಲ್ಲಿ ಕೂತು ಶಾವಿಗೆ ಹೊಸೆಯುತ್ತಿದ್ದ ದಿನಗಳು ನೆನಪಾದವು. ಸೇರದ್ದೂ ಇದೆ. ಹುಡುಗ ಹುಡುಗಿ ಕೈ ಹಿಡಿಯಲಿಕ್ಕೆ ಎಂಟು ಕಂತು ಬೇಕು, ಲಾರಿ ಬಂದು ಗುದ್ದಲಿಕ್ಕೆ ಎರಡೇ ನಿಮಿಷ ಸಾಕು. ಗುದ್ದಿಸಿಕೊಂಡವನಿಗೆ ಕೈ ಕಾಲು ಮುರಿಯುವುದಿಲ್ಲ, ನೆನಪು ಮಾತ್ರ ಹೋಗುತ್ತದೆ. ಶ್ರೀಮಂತ ತಾಯಂದಿರು ಮಾತಿಗೊಮ್ಮೆ ಬಡ ಹುಡುಗಿಯ ಮುಖಕ್ಕೆ ನೀರು ಎರಚುತ್ತಾರೆ. ಸವಣೂರಿನಿಂದ ಬಂದಿದ್ದ ನನ್ನ ನಾದಿನಿ ಅದನ್ನು ನೋಡಿ, "ಕುಡಿಯೂ ನೀರು ಹಂಗ್ಯಾಕ ಹಾಳ ಮಾಡ್ತಾಳಬೇ ಆಕಿ, ಬೈದ್ರ ಸಾಲದೇನು?" ಎಂದಳು. ತುರ್ಕಿಯವರದು ಇನ್ನೊಂದು ತರಹ. ಬಾಗಿಲ ಆಚೆ ಅವನು, ಈಚೆ ಅವಳು, ನಡುವೆ ವಾದ್ಯ. ಅವರು ಒಬ್ಬರನ್ನೊಬ್ಬರು ನೋಡಿ ಮುಗಿಸುವುದರೊಳಗೆ ನಾನು ಒಂದು ಸೇರು ಶೇಂಗಾ ಒಡೆದಿಟ್ಟಿದ್ದೇನೆ. ಚೀನಾದವರು ಉಟ್ಟ ಬಟ್ಟೆ ಚೆಂದ, ಆದರೆ ಅಂಥ ಬಟ್ಟೆಯಲ್ಲಿ ಮನೆಯ ಹಂಚಿನ ಮೇಲೆ ಹಾರಾಡಬಾರದು.

ಇದೆಲ್ಲವನ್ನೂ ಸಹಿಸಬಹುದು. ನನ್ನ ನಿಜವಾದ ಜಗಳ ಒಂದೇ ವಿಷಯಕ್ಕೆ. ಮಲ್ಲಪ್ಪ ಕಸ್ತೂರಿಗೆ ನಾವು ಮನಸ್ಸಿನಲ್ಲೇ ಅಕ್ಷತೆ ಹಾಕಿ ಮುಗಿಸಿರುತ್ತೇವೆ. ಆಗ ಹತ್ತನೆಯ ಕಂತಿನಲ್ಲಿ ಒಬ್ಬ ಮುದುಕಿ ದಾದಿ ಬಂದು, ಇವರಿಬ್ಬರೂ ಒಂದೇ ಮನೆಯ ಮಕ್ಕಳು ಎನ್ನುತ್ತಾಳೆ. ಅವಳಿಗೆ ಮೊದಲಿನಿಂದ ಗೊತ್ತು. ಬಾಗಿಲ ಹಿಂದೆ ನಿಲ್ಲುತ್ತಾಳೆ, ಸೆರಗಿನಂಥದನ್ನು ಹಿಂಡುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಆ ದಾದಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ನಮ್ಮಲ್ಲಿ ಹೆಣ್ಣು ಗಂಡು ನೋಡುವ ಮೊದಲು ಮನೆತನದ ಬೆಡಗು, ಎಂದರೆ ಗೋತ್ರದಂಥದ್ದು, ಕೇಳುತ್ತೇವೆ. ಒಂದೇ ಬೆಡಗಿನವರು ಅಣ್ಣ ತಂಗಿಯರ ಲೆಕ್ಕ, ಅವರಲ್ಲಿ ಕೊಡು ತರುವುದಿಲ್ಲ. ಒಂದು ದಿನ ಅಕ್ಷತಾಳಿಗೆ ಹೆಮ್ಮೆಯಿಂದ ಹೇಳಿದೆ: "ಇವರಿಗೆ ಬೆಡಗ ಕೇಳೂ ಬುದ್ಧಿ ಇದ್ದಿದ್ರ ಇಷ್ಟ ಅಳೂದಽ ಇರತಿರಲಿಲ್ಲ ನೋಡು."

"ಕೇಳಿದ್ರ ಒಂದಽ ಕಂತಿಗೆ ಮುಗಿದ ಹೊಕ್ಕಿತ್ತು. ಆಮ್ಯಾಗ ನೀ ಏನ್ ನೋಡ್ತಿದ್ದಿ ಆಯಿ?" ಎಂದಳು.

ಅಕ್ಷತಾ ಆಗ ಬಿ.ಎಡ್. ಓದುತ್ತಿದ್ದಳು. ಪಾಠ ಮಾಡುವ ಅಭ್ಯಾಸಕ್ಕೆಂದು ಶಿಗ್ಗಾಂವಿಯ ಒಂದು ಹೈಸ್ಕೂಲಿಗೆ ಹೋಗಿ ಬರುತ್ತಿದ್ದಳು. ಅಲ್ಲಿ ಪ್ರವೀಣ ಎಂಬ ಗಣಿತದ ಮಾಸ್ತರನಿದ್ದ. ಒಂದು ಮಧ್ಯಾಹ್ನ ಧಾರಾವಾಹಿ ನಿಲ್ಲಿಸಿ ಅವನ ವಿಷಯ ನನಗೊಬ್ಬಳಿಗೇ ಹೇಳಿದಳು. ನನಗೆ ಹೇಳಿದರೆ ಗೋಡೆಗೆ ಹೇಳಿದಂತೆ ಎಂಬ ಧೈರ್ಯ ಅವಳಿಗೆ. ಆ ಹುಡುಗನ ಮನೆಯವರು ಹಿರೇಕೆರೂರಿನವರು. ಮಧ್ಯಸ್ಥರೊಬ್ಬರ ಕೈಯಲ್ಲಿ ಅವರೇ ಹೇಳಿಕಳಿಸುತ್ತಾರೆ, ತಾವಿಬ್ಬರೂ ಮೊದಲೇ ಮೆಚ್ಚಿಕೊಂಡದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇದೊಂದು ಆಗಲಿಲ್ಲಂದ್ರ ನಾ ಇನ್ಯಾರನ್ನೂ ಒಲ್ಲೆ ಆಯಿ" ಎಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ದನಿ ನನ್ನದು, ಅವಳದಲ್ಲ.

ಹೇಳಿದಂತೆಯೇ ಮಧ್ಯಸ್ಥರು ಬಂದರು. ನನ್ನ ಮಗ, ಅಕ್ಷತಾಳ ಅಪ್ಪ ಬಸವರಾಜ ಬೆಡಗು ವಿಚಾರಿಸಿದ. "ಬ್ಯಾರೆ ಬ್ಯಾರೆ ಅದಾವ್ರಿ, ಚಿಂತಿ ಬ್ಯಾಡ" ಎಂದರಂತೆ. ಯಾವ ಬೆಡಗು ಎಂದು ಅಡುಗೆಮನೆಗೆ ಬಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಭಾನುವಾರ ಮುಂಜಾನೆ ಹುಡುಗನ ಕಡೆಯ ಐದು ಜನ ಬಂದು ನಡುಮನೆಯಲ್ಲಿ ಕೂತರು. ಎಲ್ಲರಿಗಿಂತ ಮುಂದಿನ ಕುರ್ಚಿ ಹುಡುಗನ ಅಜ್ಜಿ ಗಿರಿಜವ್ವನವರದು. ಅವರ ಹಣೆಯ ಮೇಲೂ ನನ್ನಂತೆ ಬರೀ ವಿಭೂತಿ. ಆದರೆ ನಾನು ಬಾಗಿಲ ಹಿಂದೆ, ಅವರು ಎಲ್ಲರ ನಡುವೆ. ಸೊಸೆ ಶೋಭಾ ಶಿರಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಅಕ್ಷತಾ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಹುಡುಗ ಅವಳನ್ನು ಇವತ್ತೇ ಮೊದಲು ನೋಡಿದಂತೆ ನಟಿಸಲು ಹೋಗಿ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಕೊರಿಯಾದವರು ಇದಕ್ಕಿಂತ ಚೆನ್ನಾಗಿ ನಟಿಸುತ್ತಾರೆ.

ನಾನು ಒಳಗೆ ಚಹಾ ಸೋಸುತ್ತಿದ್ದೆ. ಗಿರಿಜವ್ವನವರು ಅವಲಕ್ಕಿ ತಿಂದು, "ಖಾರ ಸ್ವಲ್ಪ ಕಡಿಮಿ ಆತು ನೋಡ್ರಿ. ನಾವು ಮೆಣಸಿನ ಬೆಡಗಿನವರು, ನಮಗ ಇದು ಸಾಲೂದಿಲ್ಲ" ಎಂದು ನಕ್ಕರು. ಎಲ್ಲರೂ ನಕ್ಕರು. ಬಿಸಿ ಚಹಾ ನನ್ನ ಕೈಮೇಲೆ ಬಿತ್ತು.

ಯಾಕೆಂದು ಹೇಳುತ್ತೇನೆ. ನಿಮ್ಮ ಅಜ್ಜ ಈ ಮನೆಯಲ್ಲಿ ಹುಟ್ಟಿದವರಲ್ಲ. ಅವರು ಹುಟ್ಟಿದ್ದು ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯಲ್ಲಿ. ಅವರ ಚಿಕ್ಕಮ್ಮನಿಗೆ ಮಕ್ಕಳಿಲ್ಲವೆಂದು ನಾಲ್ಕನೆಯ ವರ್ಷಕ್ಕೆ ಹಾನಗಲ್ಲಿನ ಈ ಮನೆಗೆ ದತ್ತಕ ಕೊಟ್ಟರು. ಮಧ್ಯಸ್ಥರಿಗೆ ಬಸವರಾಜ ಹೇಳಿದ್ದು ಈ ಮನೆಯ ಬೆಡಗು. ದತ್ತಕ ಬಂದವರಿದ್ದರೆ ಹುಟ್ಟಿದ ಮನೆಯ ಬೆಡಗನ್ನೂ ನೋಡಬೇಕು, ಅದು ಅವನಿಗೆ ಹೊಳೆದಿರಲಿಲ್ಲ. ಹಿರೇಬೆಂಡಿಗೇರಿ ಅವನ ಪಾಲಿಗೆ ಬರೀ ದೊಡ್ಡಪ್ಪನ ಊರು. ಆದರೆ ಆ ಮನೆಯ ಹಿರಿಯ ಸೊಸೆ, ನನ್ನ ನೆಗೆಣ್ಣಿ ನೀಲವ್ವ, ನಮ್ಮಲ್ಲಿಗೆ ಬಂದಾಗಲೆಲ್ಲ ಎದೆ ಸೆಟೆಸಿ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿತ್ತು: "ನಾವು ಮೆಣಸಿನವರು, ಯಾರಿಗೂ ತಲಿ ಬಾಗಸೂ ಪೈಕಿ ಅಲ್ಲ."

ಹಾಗಾದರೆ ಅಕ್ಷತಾ ಮತ್ತು ಆ ಹುಡುಗ ಅಣ್ಣ ತಂಗಿ. ಮನೆಯಲ್ಲಿ ಇದು ಹೊಳೆದಿದ್ದು ನನಗೊಬ್ಬಳಿಗೆ. ಬಾಗಿಲ ಹಿಂದೆ ನಿಂತಿದ್ದೆ. ನೋಡಿಕೊಂಡರೆ ಸೆರಗಿನ ತುದಿ ಕೈಯಲ್ಲಿ ಹಿಂಡಿ ಹಿಂಡಿ ಹಗ್ಗವಾಗಿತ್ತು. ಧಾರಾವಾಹಿಯಲ್ಲಿ ಇಂಥ ಹೊತ್ತಿಗೆ ಎಲ್ಲರ ಮುಖವನ್ನೂ ಮೂರು ಮೂರು ಸಲ ತೋರಿಸಿ ಕಂತು ಮುಗಿಸುತ್ತಾರೆ. ನೋಡುವವರು ಎದ್ದು ಅನ್ನಕ್ಕೆ ಇಡಬಹುದು. ಇಲ್ಲಿ ಕಂತು ಮುಗಿಯುವ ಲಕ್ಷಣವೇ ಇರಲಿಲ್ಲ. ಕೆಲಸದಲ್ಲಿದ್ದೇನೆಂದು ಶೋಭಾಳಿಗೆ ಅನಿಸಲೆಂದು ಪಾತ್ರೆ ಸದ್ದು ಮಾಡಿದೆ.

ಆ ಸದ್ದಿಗೆ ಗಿರಿಜವ್ವನವರು ಒಳಗೆ ಬಗ್ಗಿ ನೋಡಿದರು. "ಹಿರ್ಯಾರು ಅಲ್ಲ್ಯಾಕ ನಿಂತೀರಿ? ಬರ್ರಿ, ಇಲ್ಲೆ ಕುಂಡರ್ರಿ" ಎಂದು ತಮ್ಮ ಪಕ್ಕದ ಕುರ್ಚಿ ತಟ್ಟಿದರು. ಚಹಾದ ಪಾತ್ರೆಯನ್ನು ಶೋಭಾಳ ಕೈಗೆ ಕೊಟ್ಟು ಹೋಗಿ ಕೂತೆ. ನನ್ನ ತವರೂರು ಕೇಳಿದರು, ಹೇಳಿದೆ. ಮಕ್ಕಳೆಷ್ಟು ಕೇಳಿದರು, ಬೆರಳು ತೋರಿಸಿದೆ. ಆಮೇಲೆ ಹಳೆಯ ಹೆಂಗಸರು ಸುಮ್ಮನೆ ಕೇಳುವ ಹಾಗೆ, "ನಿಮ್ಮ ಯಜಮಾನ್ರು ಹುಟ್ಟಿದ್ದು ಇದಽ ಮನ್ಯಾಗೇನ್ರಿ?" ಎಂದರು.

ಸುಳ್ಳು ಹೇಳಲಿಕ್ಕೆ ಹತ್ತಿಪ್ಪತ್ತು ಮಾತು ಬೇಕು. ಯಾವ ಊರು, ಯಾವ ಮನೆ, ಯಾವ ಸೂಲಗಿತ್ತಿ, ಎಲ್ಲ ಕೂಡಿಸಬೇಕು. ನನ್ನ ಬಾಯಲ್ಲಿ ಆಗ ಎರಡೇ ಮಾತಿದ್ದವು.

"ಇಲ್ರಿ. ದತ್ತಕ" ಎಂದೆ.

ಗಿರಿಜವ್ವನವರ ಕೈಯ ಚಹಾದ ಬಸಿ ಕೆಳಗಿಳಿಯಿತು. "ಹುಟ್ಟಿದ ಮನಿ ಬೆಡಗ ಯಾವುದ್ರಿ?"

"ಮೆಣಸಿನವರು ಅಂತ ನೆನಪ್ರಿ."

ಹುಡುಗ ಗಡಿಯಾರ ಬಿಟ್ಟು ಅಕ್ಷತಾಳನ್ನು ನೋಡಿದ. ಈಗ ಮುಚ್ಚಿಡುವುದು ಅವನಿಗೆ ಮರೆತೇ ಹೋಗಿತ್ತು. ಅಕ್ಷತಾ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಹುಡುಗನ ತಂದೆ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು, ಏಳುವವರು ಮಾಡಿಕೊಳ್ಳುವ ಹಾಗೆ. ಬಸವರಾಜ ನನಗೆ, "ಅವ್ವಾ, ಇದನ್ನ ಮೊದ್ಲ ಹೇಳಬಾರದೇನು?" ಎಂದ. ಮೊದಲು ನನ್ನನ್ನು ಯಾರು ಕೇಳಿದ್ದರು?

"ನೆನಪಿನ ಮ್ಯಾಲೆ ಸಂಬಂಧ ಮುರಿಯೂದು ಬ್ಯಾಡ್ರಿ. ಆ ಮನ್ಯಾಗ ಯಾರರ ಅದಾರೇನು? ಫೋನ್ ಹಚ್ಚರಿ" ಎಂದರು ಗಿರಿಜವ್ವನವರು.

ಬಸವರಾಜ ನೀಲವ್ವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ದನಿ ಏರಿಸಿ ಚಹಾದ ಬಸಿಗಳ ನಡುವೆ ಇಟ್ಟ. ನೀಲವ್ವನಿಗೆ ಕಿವಿ ಮಂದ, ಬಾಯಿ ಚುರುಕು. ಮೊದಲು ತನ್ನ ಮೊಣಕಾಲಿನ ಕತೆ ಹೇಳಿದಳು. ಗೋವಿನಜೋಳಕ್ಕೆ ಹುಳ ಬಿದ್ದದ್ದು ಹೇಳಿದಳು. "ದೊಡ್ಡವ್ವ, ಬೆಡಗ, ಬೆಡಗ" ಎಂದು ಬಸವರಾಜ ಮೂರು ಸಲ ಕೂಗಿದ ಮೇಲೆ, "ಬೆಡಗೇನು? ಮೆಣಸಿನವರು. ಊರಿಗೆಲ್ಲಾ ಗೊತ್ತೈತಿ, ನಿನಗ ಗೊತ್ತಿಲ್ಲೇನು?" ಎಂದಳು.

ಅಕ್ಷತಾ ತಲೆ ಬಗ್ಗಿಸಿದಳು. ಹುಡುಗನ ತಂದೆ ಎದ್ದೇ ನಿಂತರು. ಆದರೆ ಗಿರಿಜವ್ವನವರು ಕುರ್ಚಿ ಬಿಡಲಿಲ್ಲ. ಫೋನಿನ ಕಡೆ ಬಾಗಿ, "ಅಕ್ಕಾರ, ಅದು ನಿಮ್ಮ ತವರುಮನಿ ಬೆಡಗೋ, ಗಂಡನ ಮನಿದೋ?" ಎಂದು ಗಟ್ಟಿಯಾಗಿ ಕೇಳಿದರು.

"ತವರುಮನಿದು" ಎಂದಳು ನೀಲವ್ವ.

"ಗಂಡನ ಮನಿದ ಯಾವುದ್ರಿ?"

"ಅದಾ? ಅದು ಎಣ್ಣಿಯವರು. ಅದರಾಗ ಹೇಳೂವಂಥದ್ದೇನೈತಿ?"

ಐವತ್ತು ವರ್ಷ ಆ ಮನೆಯ ಅನ್ನ ಉಂಡು, ಆ ಮನೆಯ ಬೆಡಗನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ ನೀಲವ್ವ. ಮದುವೆಯಾದ ದಿನವೇ ಬೆಡಗು ಬದಲಾಯಿತೆಂದು ಯಾರು ಹೇಳಿದರೂ ಅವಳು ಒಪ್ಪಿರಲಿಕ್ಕಿಲ್ಲ. ನಿಮ್ಮ ಅಜ್ಜ ಹುಟ್ಟಿದ ಮನೆ ಎಣ್ಣಿಯವರದು ಎಂದಾದ ಮೇಲೆ ಅಡ್ಡಿಯೇ ಉಳಿಯಲಿಲ್ಲ, ಹುಡುಗನ ತಂದೆ ಮತ್ತೆ ಕೂತರು. ಗಿರಿಜವ್ವನವರು ಫೋನಿಗೇ, "ನೀವು ನಮ್ಮ ಮನಿ ಮಗಳು ಆದ್ರಿ ಹಂಗಾರ, ಲಗ್ನಕ್ಕ ಮುಂದ ಬಂದ ಕುಂಡರಬೇಕು" ಎಂದರು. "ಯಾರ ಲಗ್ನ?" ಎಂದು ನೀಲವ್ವ ಕೇಳುತ್ತಿದ್ದಳು. ಅಷ್ಟರಲ್ಲಿ ಶೋಭಾ ಸಕ್ಕರೆ ತರಲು ಓಡಿದಳು. ಚಹಾ ಆರಿ ನೀರಾಗಿತ್ತು, ಎಲ್ಲರೂ ಅದನ್ನೇ ಕುಡಿದರು.

ಈಗ ನೀವೆಲ್ಲ ಈ ಕತೆಯನ್ನು ನಿಮ್ಮ ಗೆಳತಿಯರಿಗೆ ಹೇಳುವಾಗ, ಮಾತೇ ಆಡದ ನಮ್ಮ ಆಯಿ ಅವತ್ತು ಧೈರ್ಯದಿಂದ ಖರೇ ಹೇಳಿದಳು ಎನ್ನುತ್ತೀರಂತೆ. ಗಿರಿಜವ್ವನವರೂ ಹೋದಲ್ಲಿ ಬಂದಲ್ಲಿ ಇದನ್ನೇ ಹೇಳುತ್ತಾರೆ. ಬಾಯಿಂದ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಚಹಾದ ಪಾತ್ರೆ ಹಿಡಿದು ಬಾಗಿಲ ಹಿಂದೆ ನಿಂತಾಗಲೇ ನಾನು ತೀರ್ಮಾನಿಸಿಬಿಟ್ಟಿದ್ದೆ, ಬಾಯಿ ಬಿಡುವುದಿಲ್ಲ ಎಂದು. ಅಕ್ಷತಾಳ ಆ ಸಣ್ಣ ದನಿಯ ಮುಂದೆ ಬೆಡಗು ದೊಡ್ಡದೆನಿಸಲಿಲ್ಲ. ಗಿರಿಜವ್ವನವರು ಕುರ್ಚಿ ತಟ್ಟದಿದ್ದರೆ, ಲಗ್ನದ ದಿನ ಅಕ್ಷತೆ ಹಾಕಿ, ಹೋಳಿಗೆ ಉಂಡು, ಆ ಗುಟ್ಟನ್ನು ಜೊತೆಗೆ ಒಯ್ಯುತ್ತಿದ್ದೆ. ಧೈರ್ಯವಿದ್ದದ್ದು ಸುಮ್ಮನಿರಲಿಕ್ಕೆ. ಹೇಳಿದ್ದು ಅಂಜಿಕೆಯಿಂದ.

ಇಷ್ಟಾದರೂ ಹಿರೇಕೆರೂರಿನವರು ನನ್ನ ಮೇಲೆ ಬಹಳ ಭರವಸೆ ಇಟ್ಟಿದ್ದಾರೆ. ಗಿರಿಜವ್ವನವರ ಮೊಮ್ಮಗಳೊಬ್ಬಳನ್ನು ನೋಡಲು ಬರುವ ಸೋಮವಾರ ಗಂಡಿನವರು ಬರುತ್ತಾರಂತೆ. ಮನೆತನ ವಿಚಾರಿಸಲು ನಾನೇ ಬೇಕಂತೆ. "ನೀವು ಮುಚ್ಚಿಡೂ ಪೈಕಿ ಅಲ್ರಿ, ಎದುರಿಗೆ ಕುಂತು ಎಲ್ಲಾ ಕೇಳ್ರಿ" ಎಂದು ಫೋನ್ ಮಾಡಿದ್ದರು. ಬರುತ್ತೇನೆ ಎಂದಿದ್ದೇನೆ. ಎದುರಿಗೇ ಕೂರುತ್ತೇನೆ. ಮೊದಲು ಆ ಹುಡುಗಿಯ ಮುಖ ನೋಡುತ್ತೇನೆ. ಬೆಡಗು ಕೇಳುವುದೋ ಬೇಡವೋ, ಆಮೇಲೆ ನೋಡಿದರಾಯಿತು.