ಆರನೇ ಕಲಮಿನವರ ಸನ್ನಿಧಿಗೆ ಹಂಪವ್ವನ ಅಜ್ಜನ ಅರಿಕೆ

ಅಳವಂಡಿ ಕಡೆಯ ಒಂದು ಹಳ್ಳಿಯಿಂದ,
ಜೂನ್ 1978

ಶಾಲಾ ಪ್ರವೇಶದ ಅರ್ಜಿಯಲ್ಲಿ ಐದನೇ ಕಲಮಿನ ಕೆಳಗೂ ಏಳನೇ ಕಲಮಿನ ಮೇಲೂ ಬಿಜಯಂಗೈದಿರುವ, ‘ಮಗುವಿನ ಮಾತೃಭಾಷೆ’ ಎಂಬ ಘನ ನಾಮಧೇಯವುಳ್ಳ ಆರನೇ ಕಲಮಿನವರಿಗೆ,

ಮಾನ್ಯರೇ,

ಒಕ್ಕಲುತನದ ಬಾಲಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಚೇರಿಯ ಕಪಾಟಿನ ಗೆದ್ದಲು ಇನ್ನೂ ತಮ್ಮ ತನಕ ಬಂದಿಲ್ಲವೆಂದು ತಿಳಿದು ಸಂತೋಷವಾಯಿತು. ಈ ಪತ್ರವನ್ನು ಶಾಲೆಯಲ್ಲಿ ಕಲಿಸುವ ಬಾಯಿಯವರಿಗೋ ಇನ್‌ಸ್ಪೆಕ್ಟರ್ ಸಾಹೇಬರಿಗೋ ಬರೆಯದೆ ನೇರವಾಗಿ ತಮಗೇ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಒಂದು ವರ್ಷದಿಂದ ಯಾರ ಮುಂದೆ ಕೈಮುಗಿದು ನಿಂತರೂ ಅವರು ‘ನಮ್ಮ ಕೈಯಾಗ ಏನೂ ಇಲ್ರಿ, ಆರನೇ ಕಲಂ ಒಪ್ಪಂಗಿಲ್ಲ’ ಎಂದು ತಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ಇಷ್ಟು ಜನರ ಯಜಮಾನರು ತಾವಿರುವಾಗ ಆಳುಗಳ ಮನೆ ಬಾಗಿಲು ತಿರುಗಿದ್ದು ನನ್ನದೇ ತಪ್ಪು.

ನನ್ನ ಬಿನ್ನಹ ಸಣ್ಣದು. ನನ್ನ ಮೊಮ್ಮಗಳು ಹಂಪವ್ವನನ್ನು ನಮ್ಮೂರ ಸರ್ಕಾರಿ ಉರ್ದು ಶಾಲೆಗೆ ಸೇರಿಸಿಕೊಳ್ಳಬೇಕು.

ಕನ್ನಡದ ಮನೆಯ ಹುಡುಗಿಗೆ ಉರ್ದು ಶಾಲೆ ಯಾಕೆಂದು ತಾವು ಕೇಳುವುದು ನ್ಯಾಯವೇ. ನಿಜಾಮರ ಕಾಲದಲ್ಲಿ ನನ್ನ ಅಪ್ಪನ ಹೆಸರಿಗಾದ ಹೊಲದ ಕಾಗದಗಳು ಮೂರು, ತಗಡಿನ ಪೆಟ್ಟಿಗೆಯಲ್ಲಿವೆ, ಮೂರೂ ಉರ್ದುವಿನಲ್ಲಿವೆ. ಅವನ್ನು ಕನ್ನಡಕ್ಕೆ ಇಳಿಸಿಕೊಂಡು ಬಾ, ಇಲ್ಲವಾದರೆ ಹೊಲ ನಿನ್ನದೆನ್ನಲು ಆಧಾರವಿಲ್ಲ ಎಂದು ಕಚೇರಿಯೊಂದರಿಂದ ನೋಟೀಸು ಬಂದಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅವರಿಗೆ ನಾಚಿಕೆಯಾದೀತು. ಕಾಗದವನ್ನು ಗಂಗಾವತಿಯಲ್ಲಿ ಬಲ್ಲವರೊಬ್ಬರಿಗೆ ತೋರಿಸಿದೆ, ಎಂಟು ಎಕರೆ ಎಂದರು. ಕುಷ್ಟಗಿಯಲ್ಲಿ ಇನ್ನೊಬ್ಬರು ಅದೇ ಸಾಲಿನ ಮೇಲೆ ಬೆರಳಿಟ್ಟು ಐದು ಎಂದರು. ಯಲಬುರ್ಗಾಕ್ಕೂ ಬಸ್ಸು ಹತ್ತಿದ್ದರೆ ನನಗೆ ಬದು ಮಾತ್ರ ಉಳಿಯುತ್ತಿತ್ತು. ಆದ್ದರಿಂದ ಓದಲು ಮನೆಯದೇ ಕಣ್ಣು ಬೇಕೆಂದು ನಿಶ್ಚಯಿಸಿದೆ.

ಈ ಉಪಾಯ ಹೇಳಿಕೊಟ್ಟವರು ಪಕ್ಕದ ಮನೆಯ ಶಾಹಜಾದಬಿ, ಹಿಂದೆ ನಮ್ಮೂರ ಮುನ್ಷಿಯಾಗಿದ್ದವರ ಹೆಂಡತಿ. ಗಂಡನಿಂದ ಕಲಿತು ಊರ ಕಾಗದವನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ‘ಬಾಲಣ್ಣಾ, ಅಕ್ಷರ ನನ್ನ ತಲ್ಯಾಗ ಅದಾವ, ಕಣ್ಣಾಗ ಇಲ್ಲ. ಹುಡುಗೀನ ಉರ್ದು ಸಾಲಿಗೆ ಹಾಕು. ಆಕಿ ನೋಡಿ ಹೇಳ್ಲಿ, ನಾ ತಿಳದು ಹೇಳ್ತೀನಿ’ ಎಂದರು. ಆರು ವರ್ಷದ ಕೂಸು ಓದು ಕಲಿಯುವ ತನಕ ಕೇಸು ಕಾಯುತ್ತದೆಯೇ ಎಂದು ಕೇಳಿದ್ದಕ್ಕೆ, ‘ಕಾಯ್ತೈತಿ ತಗೋ, ಕೇಸ್ ಮುಗಿಯೂದ್ರಾಗ ಈಕಿ ಮದಿವಿಗೆ ಬಂದಿರ್ತಾಳ’ ಎಂದು ಧೈರ್ಯ ಹೇಳಿದರು.

ಇಲ್ಲಿ ನನ್ನದೊಂದು ಹಳೆಯ ಪಾಪವನ್ನು ಒಪ್ಪಿಕೊಳ್ಳಬೇಕು. ನಾನು ಸಣ್ಣವನಿದ್ದಾಗ ಸರ್ಕಾರದವರು ಉರ್ದುವನ್ನು ಪುಕ್ಕಟೆಯಾಗಿ, ಕಿವಿ ಹಿಂಡಿ, ಬೆನ್ನು ಹತ್ತಿ ಕಲಿಸಲು ಬಂದರೆ ನಾನು ಜೋಳದ ಹೊಲದಲ್ಲಿ ಅಡಗಿ ಕೂತೆ. ಆಮೇಲೆ ಮಠದ ಐಗಳ ಹತ್ತಿರ ಮರಳ ಮೇಲೆ ಕನ್ನಡ ತಿದ್ದಿದೆ. ಅಂದು ಬೇಡವೆಂದವನನ್ನು ಹಿಡಿದು ತರಲು ಜವಾನ ಬರುತ್ತಿದ್ದ, ಇಂದು ಬೇಕೆಂದವಳನ್ನು ಹೊರಗೆ ನಿಲ್ಲಿಸಲು ತಾವಿದ್ದೀರಿ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಶಾಲೆಯ ಸರ್ದಾರಬೀ ಬಾಯಿಯವರಿಗೆ ಯಾವ ಅಡ್ಡಿಯೂ ಇರಲಿಲ್ಲ. ‘ಹತ್ತೊಂಬತ್ತು ಮಕ್ಕಳದಾರ ಕಾಕಾ, ಈಕಿ ಬಂದ್ರ ಇಪ್ಪತ್ತಾಗ್ತಾವ, ನಮಗೂ ಛಲೋನ’ ಎಂದು ನಕ್ಕು ಅರ್ಜಿ ಕೊಟ್ಟರು. ತಮ್ಮ ಹತ್ತಿರ ಬಂದಾಗ ಅವರ ನಗು ನಿಂತಿತು. ತಮ್ಮ ಜಾಗದಲ್ಲಿ ‘ಉರ್ದು’ ಎಂದಿರದಿದ್ದರೆ ಅರ್ಜಿ ಮುಂದೆ ಹೋಗದಂತೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ನನಗೆ ಗೊತ್ತಿತ್ತು, ಪೂಜಾರಿಯು ಒಂದು ಗೆರೆಯಷ್ಟೇ ಉದ್ದವಿರುತ್ತಾನೆಂಬುದು ಗೊತ್ತಿರಲಿಲ್ಲ.

ಕಚೇರಿಯ ಗುಮಾಸ್ತರು ದಯಾವಂತರು. ‘ಉರ್ದು ಅಂತ ಬರದ್ಬಿಡ್ರಿ, ಯಾರ್ ಕೇಳ್ತಾರ’ ಎಂದು ದಾರಿ ತೋರಿಸಿದರು. ಕೇಳುವವಳು ಮನೆಯಲ್ಲೇ ಇದ್ದಳು. ಹುಡುಗಿಯ ತಾಯಿ, ನನ್ನ ಸೊಸೆ ಯಂಕವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಮಾವಾರ, ಆಕಿ ನನ್ನ ಹೊಟ್ಯಾಗ ಹುಟ್ಟಿ ನನ್ನ ಮಾತು ಆಡ್ತಾಳ. ಎಷ್ಟರ ಭಾಷಾ ಕಲೀಲಿ, ನಾ ಬ್ಯಾಡ ಅನ್ನಂಗಿಲ್ಲ. ಕಾಗದದಾಗ ನನ್ನ ತಗದು ಬ್ಯಾರೆ ಯಾರನ್ನ ತಾಯಿ ಮಾಡ್ತೀರಿ’ ಎಂದು ಕೇಳಿದಳು. ಕಲಮಿನಲ್ಲಿ ‘ಕನ್ನಡ’ ಎಂದು ನಿಜವನ್ನೇ ಬರೆದೆ, ಅರ್ಜಿ ಹದಿನೈದೇ ದಿನದಲ್ಲಿ ವಾಪಸು ಬಂತು. ನಮ್ಮ ಕಡೆ ಇಷ್ಟು ಬೇಗ ಬಂದ ಸರ್ಕಾರಿ ಉತ್ತರ ಇದೊಂದೇ ಇರಬೇಕು.

ತಮ್ಮ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ಶಾಹಜಾದಬಿಯವರು ಕೋಳಿಯನ್ನು ಬೈಯುವುದು ಕನ್ನಡದಲ್ಲಿ, ಶಾಲೆಯ ಹತ್ತೊಂಬತ್ತು ಮಕ್ಕಳು ಗೋಲಿಯಾಟದಲ್ಲಿ ಜಗಳಾಡುವುದು ಕನ್ನಡದಲ್ಲಿ, ನಾವು ಕಚೇರಿ, ಅರ್ಜಿ, ಜವಾನ ಎನ್ನುವುದು ಉರ್ದುವಿನಲ್ಲಿ. ಆದರೂ ಯಾರ ಬಾಯಿ ಯಾವುದೆಂದು ಎರಡು ಅಂಗುಲ ಜಾಗದಲ್ಲಿ ನಿರ್ಣಯಿಸುವ ತಾವು ಸಾಮಾನ್ಯರಲ್ಲ. ತಮ್ಮ ಹಟ ಸಡಿಲಿಸುವ ಮನಸ್ಸಿಲ್ಲವಾದರೆ ಬೇರೆ ಸಣ್ಣ ಉಪಕಾರಗಳನ್ನಾದರೂ ಮಾಡಿರಿ. ಯಂಕವ್ವನಿಗೆ ಮೊದಲು ಉರ್ದು ಕಲಿಸಿ, ಹಂಪವ್ವನನ್ನು ಇನ್ನೊಮ್ಮೆ ಹೆರಲು ಅಪ್ಪಣೆ ಕೊಡಿಸಿರಿ. ಇಲ್ಲವೇ ನನ್ನ ಹೊಲಕ್ಕೆ ಸಮನ್ಸು ಕಳುಹಿಸಿ ಅದರ ಮಾತೃಭಾಷೆ ಯಾವುದೆಂದು ವಿಚಾರಿಸಿರಿ. ಉರ್ದು ಎಂದರೆ ಅದನ್ನೇ ಶಾಲೆಗೆ ಹಾಕುತ್ತೇನೆ, ಕಲಿತು ಬಂದು ತನ್ನ ಕಾಗದ ತಾನೇ ಓದಿಕೊಳ್ಳಲಿ.

ಈ ಒಂದು ವರ್ಷ ಹಂಪವ್ವ ಶಾಲೆಯ ಹೊಸ್ತಿಲ ಮೇಲೆ ಕೂತು ಕಲಿತಿದ್ದಾಳೆ. ಹೊಸ್ತಿಲಿನ ಒಳಗೆ ಹಾಜರಿ ಪುಸ್ತಕದ ಸೀಮೆ, ಹೊರಗೆ ಬೀದಿ. ಹೊಸ್ತಿಲು ಯಾರದೆಂದು ಯಾವ ಕಲಮೂ ಹೇಳಿಲ್ಲವೆಂದು ಸರ್ದಾರಬೀ ಬಾಯಿಯವರು ಕಂಡುಹಿಡಿದರು. ಸಂಜೆ ಹುಡುಗಿ ಶಾಹಜಾದಬಿಯವರ ಮುಂದೆ ಕೂತು, ‘ಕಟಗಿಯಂಗ ನಿಂತೈತಿ’, ‘ಹಿಟ್ಟು ಕಲಸೂ ಪರಾತದಂಗ ಐತಿ, ಕೆಳಗ ಒಂದ ಚುಕ್ಕಿ’ ಎಂದು ಅಕ್ಷರ ಒಪ್ಪಿಸುತ್ತಾಳೆ. ಅವರು ಕಣ್ಣು ಮುಚ್ಚಿಕೊಂಡೇ ಹೌದು, ಅಲ್ಲ ಎನ್ನುತ್ತಾರೆ.

ಈ ವರ್ಷವಾದರೂ ತಮ್ಮ ಮನಸ್ಸು ಕರಗೀತೆಂದು ಮೊನ್ನೆ ಕಚೇರಿಗೆ ಹೋಗಿ ಹೊಸ ಅರ್ಜಿ ತಂದೆ. ಕಾಗದದ ಅಭಾವವಂತೆ, ಒಬ್ಬರಿಗೆ ಒಂದೇ ಅರ್ಜಿಯಂತೆ, ಅದೂ ಯಾವುದೋ ಹಳೆಯ ಕಾಗದದ ಖಾಲಿ ಬೆನ್ನಿಗೆ ತಮ್ಮನ್ನು ಸೈಕ್ಲೋಸ್ಟೈಲ್ ಮಾಡಿದ್ದರು. ಅಲ್ಲಿಯ ಕಟ್ಟೆಯ ಮೇಲೆ ಎಂದಿನಂತೆ ಪಕ್ಕದ ಊರಿನ ಸಣ್ಣಪ್ಪ ಕೂತಿದ್ದ. ಅವನು ಅಪ್ಪನ ಹೊಲದ ಕಾಗದಕ್ಕಾಗಿ ಆರು ವರ್ಷದಿಂದ ಅಲ್ಲಿ ಕೂರುತ್ತಾನೆ. ‘ಇವರ ದಫ್ತರದಾಗ ಐತ್ರಿ, ಸಿಗವಲ್ದು ಅಂತಾರ’ ಎಂದು ಬಂದವರಿಗೆಲ್ಲ ಅಪ್ಪನ ಹೆಸರು, ಹೊಲದ ಹುಣಸೆ ಮರ, ಮಂಟಪದ ಬಾವಿ ಎಲ್ಲ ಹೇಳುತ್ತಾನೆ. ನನಗೆ ಬಾಯಿಪಾಠವಾಗಿದೆ.

ಮನೆಗೆ ಬಂದಾಗ ಹಂಪವ್ವ ಅರ್ಜಿಯನ್ನು ಮಗುಚಿ ಹಿಂಬದಿಯ ಉರ್ದುವಿನ ಮೇಲೆ ಬೆರಳಿಟ್ಟಳು. ಒಂದೊಂದೇ ಅಕ್ಷರ ಹೇಳುತ್ತ ಹೋದಳು, ಶಾಹಜಾದಬಿಯವರು ಕೂಡಿಸುತ್ತ ಹೋದರು. ಮೊದಲ ಸಾಲಿಗೆ ಅರ್ಧ ಮಧ್ಯಾಹ್ನ ಹಿಡಿಯಿತು. ‘ದುರುಗಪ್ಪ ವಲದ್ ಹುಲಗಪ್ಪ’, ಅಂದರೆ ಹುಲಗಪ್ಪನ ಮಗ ದುರುಗಪ್ಪ, ಎಂದರು. ಎರಡನೆಯದರಲ್ಲಿ ಪಕ್ಕದ ಊರಿನ ಹೆಸರು. ನಾಲ್ಕನೆಯದರಲ್ಲಿ ಮೂಡಣಕ್ಕೆ ಹುಣಸೆ ಮರ, ಪಡುವಣಕ್ಕೆ ಮಂಟಪದ ಬಾವಿ. ದುರುಗಪ್ಪ ಎಂದರೆ ಸಣ್ಣಪ್ಪನ ಅಪ್ಪ. ಓದಲು ಬರದ ಕಾಗದವನ್ನು ರದ್ದಿಯೆಂದು ತಿಳಿದು ಕಚೇರಿಯವರು ತಮ್ಮನ್ನು ಸಣ್ಣಪ್ಪನ ಹೊಲದ ಬೆನ್ನಿನ ಮೇಲೆ ಕೂರಿಸಿದ್ದರು.

ಮುಂದಿನ ಬದಿ ತುಂಬಿ ಕೊಟ್ಟರೆ ಸಣ್ಣಪ್ಪನ ಹೊಲ ಮತ್ತೆ ಕಪಾಟು ಸೇರುತ್ತದೆ, ಸಣ್ಣಪ್ಪನಿಗೆ ಕೊಟ್ಟರೆ ಹುಡುಗಿಗೆ ಅರ್ಜಿಯಿಲ್ಲ, ಅರ್ಜಿ ಕೊಡಲು ಅದೇ ಕೊನೆಯ ವಾರ. ನಾನು ಯೋಚಿಸುತ್ತ ಕೂತಿದ್ದೆ. ಹಂಪವ್ವ ‘ಯಜ್ಜಾ, ಇದು ಅವರದಲ್ಲೇನು, ಕೊಟ್ಟು ಬಾ’ ಎಂದು ಆಡಲು ಹೋದಳು. ಕೊಟ್ಟು ಬಂದೆ. ಎರಡು ಬದಿಯಲ್ಲಿ ಯಾವುದನ್ನೂ ಓದಲಾರದ ಸಣ್ಣಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬಾಲಪ್ಪ ವಲದ್ ಪಕ್ಕೀರಪ್ಪ

ತಾ.ಕ.: ದಯಮಾಡಿ ಇನ್ನೊಂದು ಅರ್ಜಿ ಕಳುಹಿಸಿಕೊಡಿ. ಅಂಥವು ನೂರಿದ್ದರೆ ನೂರನ್ನೂ ಕಳುಹಿಸಿರಿ, ಹಿಂಬದಿಯಲ್ಲಿ ಉರ್ದು ಬರೆದದ್ದೇ ಆಗಿರಲಿ. ಹಾಜರಿಯಲ್ಲಿ ಹೆಸರಿಲ್ಲದ್ದರಿಂದ ನಮ್ಮ ಹುಡುಗಿಗೆ ಶಾಲೆಯ ಪುಸ್ತಕ ಕೊಟ್ಟಿಲ್ಲ. ಓದಲು ಅವಳಿಗೆ ಬೇರೇನೂ ಇಲ್ಲ.