ಸೌಟಿಗೆ ಮೂರು ದಿನ ರಜೆ

ಹೋಟೆಲಿನ ದರಪಟ್ಟಿಯನ್ನು ಎಲ್ಲರೂ ಎಡಗಡೆಯಿಂದ ಓದುತ್ತಾರೆ. ನಾನು ಬಲಗಡೆಯಿಂದ ಓದುತ್ತೇನೆ. ಮೊದಲು ರೂಪಾಯಿ ನೋಡಿ, ಅದು ಮನಸ್ಸಿಗೆ ಒಪ್ಪಿದರೆ ಮಾತ್ರ ಕಣ್ಣನ್ನು ಎಡಕ್ಕೆ ಸರಿಸಿ, ಆ ದುಡ್ಡಿಗೆ ಸಿಗುವ ಪದಾರ್ಥ ಯಾವುದೆಂದು ತಿಳಿದುಕೊಳ್ಳುವುದು ನನ್ನ ಪದ್ಧತಿ. ಇದರಿಂದಾಗಿ ಇಷ್ಟವಿಲ್ಲದ ಎಷ್ಟೋ ತಿಂಡಿಗಳನ್ನು ನಾನು ಸಂತೋಷದಿಂದ ತಿಂದಿದ್ದೇನೆ. ಉಪ್ಪಿಟ್ಟಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಆದರೂ ಹೋಟೆಲಿನಲ್ಲಿ ನಾನು ಅತಿ ಹೆಚ್ಚು ತಿಂದಿರುವುದು ಉಪ್ಪಿಟ್ಟನ್ನೇ. ಇದನ್ನು ಜಿಪುಣತನ ಎನ್ನುವವರು ಅನ್ನಲಿ. ನಾನು ಡ್ರಾಯಿಂಗ್ ಮಾಸ್ತರ. ಬಣ್ಣವನ್ನು ಬೇಕಾದಷ್ಟೇ ಹಿಂಡಿಕೊಳ್ಳಿರೋ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳುತ್ತ ಬಂದವನು ಹೊಟ್ಟೆಯ ವಿಷಯಕ್ಕೆ ಬಂದ ಕೂಡಲೇ ಟ್ಯೂಬನ್ನು ಪೂರಾ ಹಿಂಡಲು ಆಗುತ್ತದೆಯೇ?

ನಾನು ಮೂಲತಃ ಗದಗಿನ ಕಡೆಯವನು. ಹೆಂಡತಿ ನೀಲಮ್ಮನ ತವರು ಕುರುಗೋಡು. ತವರಿಗೆ ಹತ್ತಿರವಾಗುತ್ತದೆ ಎಂದು ಅವಳು ಹಟ ಹಿಡಿದದ್ದಕ್ಕೆ ಹದಿನಾಲ್ಕು ವರ್ಷದ ಹಿಂದೆ ಸಿರುಗುಪ್ಪಕ್ಕೆ ವರ್ಗ ಮಾಡಿಸಿಕೊಂಡು ಬಂದೆ. ಬಂದ ಹೊಸದರಲ್ಲಿ ಶಾಲೆಯ ಜವಾನ "ಒಗ್ಗರಣಿ ತಿಂದ್ರೇನ್ರಿ ಸರ?" ಎಂದು ಕೇಳಿದಾಗ ನನಗೆ ಗಾಬರಿಯಾಗಿತ್ತು. ನಮ್ಮ ಕಡೆ ಒಗ್ಗರಣೆಯನ್ನು ಸಾರಿಗೆ ಹಾಕುತ್ತಾರೆಯೇ ಹೊರತು ಅದನ್ನೇ ಯಾರೂ ತಿನ್ನುವುದಿಲ್ಲ. ಇಲ್ಲಿ ನೆನೆಸಿದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ ಹಾಕಿ ಕಲಸಿದ ತಿಂಡಿಗೇ ಆ ಹೆಸರು ಎಂದು ಗೊತ್ತಾದ ಮೇಲೆ ಸಮಾಧಾನವಾಯಿತು. ಒಂದು ಶಬ್ದ ಕಲಿತ ಹುರುಪಿನಲ್ಲಿ ಈ ಸೀಮೆಯ ಭಾಷೆಯೆಲ್ಲ ನನಗೆ ಬಂದುಬಿಟ್ಟಿತು ಎಂದುಕೊಂಡೆ. ಇಲ್ಲಿ ಅರ್ಧ ಊರು ತೆಲುಗು ಮಾತಾಡುತ್ತದೆ. ಯಾರಾದರೂ ನನ್ನೆದುರು ತೆಲುಗಿನಲ್ಲಿ ಮಾತಾಡಿದರೆ ಎಲ್ಲ ತಿಳಿದವನ ಹಾಗೆ ತಲೆ ಆಡಿಸುತ್ತೇನೆ. ಅಂಗಡಿ, ಸಂತೆ, ಹಾಲಿನವನು ಎಲ್ಲ ನೀಲಮ್ಮನ ಪಾಲಾದ್ದರಿಂದ ನನ್ನ ಗುಟ್ಟು ಇದುವರೆಗೂ ಬಯಲಾಗಿರಲಿಲ್ಲ.

ರಜೆಯಲ್ಲಿ ನಮ್ಮ ಪ್ರವಾಸವೆಂದರೆ ಕೆಂಚನಗುಡ್ಡ. ಹೊಳೆ ನೋಡುವುದು, ನೆರಳಲ್ಲಿ ಕೂತು ಬುತ್ತಿ ಬಿಚ್ಚುವುದು, ಸಂಜೆ ಮನೆಗೆ ಬರುವುದು. ಖರ್ಚಿಲ್ಲದ, ಆರೋಗ್ಯಕರವಾದ ಪ್ರವಾಸ ಎಂದು ನಾನು ಎಲ್ಲರಿಗೂ ಶಿಫಾರಸು ಮಾಡುತ್ತಿದ್ದೆ. ಆ ಬುತ್ತಿಗಾಗಿ ನೀಲಮ್ಮ ಬೆಳಗಿನ ಜಾವ ಎದ್ದು ಸಜ್ಜಿರೊಟ್ಟಿ ಬಡಿಯುತ್ತಿದ್ದಳು ಎಂಬುದು ನನ್ನ ಶಿಫಾರಸಿನಲ್ಲಿ ಬರುತ್ತಿರಲಿಲ್ಲ.

ಈ ಸಲ ದಸರೆಗೆ ಶಾಲೆ ಬಿಟ್ಟ ದಿನ ಅವಳು, "ನಾನೂ ಒಂದ್ಸಲ ಸೂಟಿ ತಗೋತೀನ್ರಿ" ಎಂದಳು.

"ನೀ ಎಲ್ಲಿ ಕೆಲಸ ಮಾಡ್ತಿ, ಸೂಟಿ ತಗೊಳ್ಳಾಕ?" ಎಂದುಬಿಟ್ಟೆ.

ಕೆಲವು ಮಾತುಗಳು ಬಾಯಿಂದ ಹೊರಬೀಳುವಾಗಲೇ ತಪ್ಪು ಎಂದು ತಿಳಿಯುತ್ತದೆ, ಆದರೆ ಹಿಂದಕ್ಕೆ ನುಂಗಲು ಬರುವುದಿಲ್ಲ. ಅವತ್ತಿನ ಸಾರಿಗೆ ಉಪ್ಪಿರಲಿಲ್ಲ, ಮರುದಿನದ ಪಲ್ಯಕ್ಕೂ ಇರಲಿಲ್ಲ. ಮೂರನೆಯ ದಿನ ನಾನೇ ಸೋತು, ಬಳ್ಳಾರಿಗೆ ಹೋಗಿ ಲಾಡ್ಜಿನಲ್ಲಿ ಇದ್ದು ಮೂರು ದಿನ ಊರು ನೋಡಿಕೊಂಡು ಬರೋಣ ಎಂದೆ. ಅವಳು ಒಂದೇ ಕರಾರು ಹಾಕಿದಳು. "ಮೂರು ದಿನ ನನ್ನ ಕೈ ಸೌಟು ಮುಟ್ಟಂಗಿಲ್ಲ. ಯಾರಾರ ಬಡಸಬೇಕು, ನಾ ಕುಂತು ಉಣ್ಣಬೇಕು. ಗುಡ್ಡದ ಮ್ಯಾಲಿನ ಕ್ವಾಟಿ ತೋರಸ್ರಿ ಬಿಡ್ರಿ, ಅದು ನಿಮ್ಮಿಷ್ಟ."

ಇಷ್ಟು ಸಣ್ಣ ಆಸೆಗೆ ದೊಡ್ಡದೊಂದು ಅಡ್ಡಿಯಿತ್ತು. ಅದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಇತ್ತು. ನೀಲಮ್ಮನ ಸೋದರತ್ತೆ ಗೌರಮ್ಮನ ಮನೆ. ನೆಂಟರಿರುವ ಊರಿನಲ್ಲಿ ಹೋಟೆಲಿಗೆ ಹೋಗುವುದು ನಮ್ಮಲ್ಲಿ ಸಣ್ಣ ಅಪರಾಧವಲ್ಲ. "ನಾವೇನು ಸತ್ತಿದ್ದೀವೇನು, ಹೋಟ್ಲಾಗ ಉಣ್ಣಾಕ?" ಎಂದು ಶುರುವಾದರೆ ಮುಂದಿನ ಹತ್ತು ಮದುವೆಗಳಲ್ಲಿ ಅದೇ ಮಾತು. ಅತ್ತೆ ಪ್ರೀತಿಯ ಹೆಂಗಸು. ಹೋದ ಕೂಡಲೇ ನನಗೆ ಮಂಚ, ಫ್ಯಾನು, ಚಹ. ನೀಲಮ್ಮನಿಗೂ ಅಷ್ಟೇ ಪ್ರೀತಿಯ ಸ್ವಾಗತ, ಆದರೆ ಅವಳ ಸ್ವಾಗತ ಅಡುಗೆಮನೆಯಲ್ಲಿ. ಮನೆ ತುಂಬ ಮಂದಿ. ಅರ್ಧ ಗಂಟೆಯೊಳಗೆ ಅವಳು ಹಿಟ್ಟು ನಾದುತ್ತಿರುತ್ತಾಳೆ. ಕುರುಗೋಡಿನ ತವರಿನಲ್ಲೂ ಇದೇ ಕಥೆ.

ಅಂತೂ ಕದ್ದು ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರವೇ ಲಾಡ್ಜು ಹಿಡಿದು, ಕಂಟೋನ್ಮೆಂಟಿನ ದಿಕ್ಕಿಗೆ ಮುಖ ಹಾಕಬಾರದೆಂದು ತೀರ್ಮಾನಿಸಿದೆವು. ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಉಣ್ಣುವ ಶಾಸ್ತ್ರವನ್ನು ನಾನು ನೀಲಮ್ಮನಿಗೆ ಅಲ್ಲಿಯೇ ಬೋಧಿಸಿದೆ. ಆಟೋದವರು ಎಲ್ಲಿ ನಿಂತು ತಿನ್ನುತ್ತಾರೋ ಅಲ್ಲಿ ಬೆಳಗಿನ ತಿಂಡಿ ತಿನ್ನಬೇಕು. ಮಧ್ಯಾಹ್ನ ಕೇಳಿದಷ್ಟು ಬಡಿಸುವ ಕಡೆ ಊಟ ಮಾಡಬೇಕು. ಆಗ ರಾತ್ರಿ ಬಾಳೆಹಣ್ಣು ಸಾಕಾಗುತ್ತದೆ. ಒಳಗೆ ಹೋದ ಕೂಡಲೇ ಕೈ ತೊಳೆಯುವ ಜಾಗ ನೋಡಬೇಕು. ಸೋಪಿದ್ದರೆ ದರ ಜಾಸ್ತಿ, ಕನ್ನಡಿಯೂ ಇದ್ದರೆ ಇನ್ನೂ ಜಾಸ್ತಿ, ಮೆತ್ತನೆಯ ಕಾಗದ ಇಟ್ಟಿದ್ದರೆ ಕೈ ಒರೆಸಿಕೊಂಡು ಹೊರಗೆ ಬಂದುಬಿಡಬೇಕು. ನೀಲಮ್ಮ ಎಲ್ಲವನ್ನೂ ಕೇಳಿ, "ಚಹಾನಾರ ಪೂರಾ ಕುಡಿಸ್ತೀರೋ, ಅದೂ ಒನ್ ಬೈ ಟೂನೋ?" ಎಂದಳು. ಒನ್ ಬೈ ಟೂನೇ ಕುಡಿದೆವು. ನಮ್ಮಿಬ್ಬರಲ್ಲಿ ಪ್ರೀತಿ ಇರುವುದಕ್ಕೆ ಅದೇ ಗುರುತು ಎಂದು ನಾನು ಹೇಳಿದೆ. ಅವಳು ನಂಬಲಿಲ್ಲ.

ಮೊದಲ ದಿನದ ಒಗ್ಗರಣೆ, ಮಿರ್ಚಿ ಬಜ್ಜಿ ಭರ್ಜರಿಯಾಗಿತ್ತು. ತಳ್ಳುಗಾಡಿಯ ಹೆಂಗಸು ಪ್ಲೇಟಿಗೆ ಬಿಸಿ ಮಿರ್ಚಿ ಹಾಕಿ ನೀಲಮ್ಮನ ಕೈಗೆ ಕೊಟ್ಟು, "ಇನ್ನೊಂದು ಹಾಕ್ಲೇನವ್ವ?" ಎಂದಾಗ ಇವಳು ಆ ಹೆಂಗಸಿನ ಮುಖವನ್ನೇ ನೋಡಿದಳು. ಆಮೇಲೆ "ಹಾಕವ್ವ" ಎಂದಳು. ಖಾರಕ್ಕೋ ಏನೋ ಕಣ್ಣಲ್ಲಿ ನೀರಿತ್ತು.

ಸಂಜೆ ಬೀದಿಯಲ್ಲಿ ನಡೆಯುವಾಗ ಅತ್ತೆಯ ಫೋನು ಬಂತು. ಪಕ್ಕದಲ್ಲೇ ಒಬ್ಬ ಹತ್ತು ರೂಪಾಯಿಗೆ ಎರಡು ಬಾಚಣಿಗೆ ಎಂದು ಕೂಗುತ್ತಿದ್ದ. ನೀಲಮ್ಮ ಫೋನಿಗೆ ಸೆರಗು ಅಡ್ಡ ಹಿಡಿದು, "ಸಿರುಗುಪ್ಪದಾಗ ಅದೀನಿ ಅತ್ತಿ, ಸಂತಿಗೆ ಬಂದಿದ್ನಿ" ಎಂದಳು. ಅತ್ತೆ ತಾನು ನಾಳೆ ಸೋಮವಾರ ಹಲಕುಂದಿ ಮಠಕ್ಕೆ ಹೋಗುವವಳೆಂದೂ, ಮಧ್ಯಾಹ್ನ ಫೋನು ಮಾಡಬೇಡವೆಂದೂ ಹೇಳಿ ಇಟ್ಟಳಂತೆ. ನನಗೆ ಹಾಯೆನಿಸಿತು.

ಎರಡನೆಯ ದಿನ ಬೆಳಿಗ್ಗೆ ನನಗೆ ದುರ್ಬುದ್ಧಿ ಬಂತು. ಎಷ್ಟು ಶಾಸ್ತ್ರ ಹಚ್ಚಿದರೂ ಜೇಬು ಹಗುರಾಗುತ್ತಿತ್ತು. ಅತ್ತೆಯ ಮನೆಯ ಬದನೆಕಾಯಿ ಎಣ್ಣೆಗಾಯಿ ನೆನಪಾಯಿತು, ಅದಕ್ಕೆ ದರಪಟ್ಟಿಯೇ ಇಲ್ಲ ಎಂಬುದೂ ನೆನಪಾಯಿತು. ಮೆಲ್ಲಗೆ, "ನಾಳಿ ಅತ್ತಿ ಮನಿಗೆ ಹೋಗಿ ಸುಮ್ಮನ ಮುಖ ತೋರಿಸಿ ಬರೋಣೇನು?" ಎಂದೆ.

"ನೀವು ಮುಖ ತೋರಸ್ತೀರಿ. ನಾ ಕೈ ತೋರಸಬೇಕಾಗತೈತಿ," ಎಂದಳು ನೀಲಮ್ಮ. ಆಮೇಲೆ ಹನ್ನೆರಡರ ತನಕ ಮಾತಾಡಲಿಲ್ಲ. ಅವಳನ್ನು ಸಮಾಧಾನ ಮಾಡಲೆಂದೇ ನಾನು ಅವತ್ತು ಮಧ್ಯಾಹ್ನ ಒಂದು ಆಂಧ್ರ ಮೆಸ್ಸಿಗೆ ಕರೆದುಕೊಂಡು ಹೋದೆ. ಕೈ ತೊಳೆಯುವಲ್ಲಿ ಸೋಪಿತ್ತು, ಕನ್ನಡಿ ಇರಲಿಲ್ಲ. ಧೈರ್ಯವಾಗಿ ಕೂತೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ "ಅನ್ನ ಬಿಟ್ಟವರು ಇನ್ನೊಂದು ಊಟದ ಹಣ ಕೊಡತಕ್ಕದ್ದು" ಎಂದು ಬರೆದಿತ್ತು. ಅಕ್ಷರ ಚೆನ್ನಾಗಿದೆ ಎಂದು ಮೆಚ್ಚಿಕೊಂಡೆನೇ ಹೊರತು ಅರ್ಥಕ್ಕೆ ಗಮನ ಕೊಡಲಿಲ್ಲ.

ನೀಲಮ್ಮ ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಬಡಿಸುವವನು ಬಂದು ಎಲೆಯ ಮೇಲೆ ಬೇಳೆಯ ಪಪ್ಪು, ಪುಂಡಿಪಲ್ಯದ ಚಟ್ನಿ, ಪುಡಿ, ತುಪ್ಪ ಹಾಕಿ, ಅನ್ನ ಬಡಿಸುತ್ತ, "ಚಾಲಾ ಸಾರ್?" ಎಂದ. ಚಾಲೂ ಮಾಡಲೇ, ಅಂದರೆ ಊಟ ಶುರುವೇ ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. ಹೆಂಡತಿ ಬರುವ ಮೊದಲೇ ಶುರು ಮಾಡಿದರೆ ಬೆಳಗಿನ ಸಿಟ್ಟು ಇಮ್ಮಡಿಯಾಗುತ್ತದೆ. ನನಗೆ ತೆಲುಗು ಬರುತ್ತದೆ ಎಂದೂ ತೋರಿಸಬೇಕಲ್ಲ, ಇಲ್ಲ ಎನ್ನುವ ಬದಲು "ಲೇದು, ಲೇದು!" ಎಂದೆ. ಅವನು ಇನ್ನೊಂದು ಸೌಟು ಅನ್ನ ಹಾಕಿ ಮತ್ತೆ, "ಚಾಲಾ?" ಎಂದ. ಎಂಥ ಅವಸರದ ಮನುಷ್ಯ ಎನಿಸಿತು. "ಲೇದಪ್ಪಾ, ಲೇದು! ನಮ್ಮನಿಯವ್ರು ಬರ್ಲಿ!" ಎಂದೆ. ಮನೆಯವರಿಗೂ ಸೇರಿಸಿ ಹಾಕು ಎಂದು ಅವನಿಗೆ ಕೇಳಿಸಿರಬೇಕು. ಮತ್ತೆರಡು ಸೌಟು ಬಿತ್ತು. ಎಲೆ ಕಾಣದಾಯಿತು. ಅವನು ಗೌರವದಿಂದ ನನ್ನ ಹೊಟ್ಟೆಯ ಕಡೆ ನೋಡುತ್ತ ಮತ್ತೆ, "ಚಾಲಾ?" ಎಂದು ಕೇಳಿದ.

ಆಗ ನೀಲಮ್ಮ ಹಸಿ ಕೈಯಲ್ಲೇ ಓಡಿ ಬಂದು, "ಚಾಲು, ಚಾಲು, ಚಾಲು!" ಎಂದು ಕೂಗಿದಳು. ಸರಿ, ಶುರು ಮಾಡಲು ಇವಳೇ ಅಪ್ಪಣೆ ಕೊಟ್ಟಳಲ್ಲ ಎಂದು ನಾನು ಅನ್ನಕ್ಕೆ ಕೈ ಹಾಕಿದೆ. ಬಡಿಸುವವನು ಮಾತ್ರ ಸೌಟು ನಿಲ್ಲಿಸಿದ.

"ಏನ್ರೀ ಇದು, ಇಷ್ಟು ಅನ್ನ?"

"ಅಂವಾ ಚಾಲೂ ಮಾಡ್ಲೇನು ಅಂದ. ತಡಿ ಅಂದೆ."

ನೀಲಮ್ಮ ನನ್ನ ಮುಖ ನೋಡಿದಳು, ಅನ್ನ ನೋಡಿದಳು. "ಅದು ಸುರು ಮಾಡೋ ಚಾಲೂ ಅಲ್ರಿ. ತೆಲುಗಿನ್ಯಾಗ ಚಾಲು ಅಂದ್ರ ಸಾಕು. ಸಾಕೇನು ಅಂತ ಕೇಳಿದ್ರ, ಲೇದು ಲೇದು ಅಂದ್ರ್ಯಾ? ಹದಿನಾಕು ವರ್ಷಾತು, ಒಂದು ಸಾಕು ಅನ್ನಾಕ ಬರ್ಲಿಲ್ಲ ನಿಮಗ!" ಎನ್ನುತ್ತ ನಗತೊಡಗಿದಳು. ಬಡಿಸುವವನಿಗೂ ತಿಳಿದು ಅವನೂ ನಕ್ಕ. ಪಕ್ಕದ ಟೇಬಲಿನವರು ನಕ್ಕರು. ನನಗೆ ನಾಚಿಕೆಯಾಯಿತು, ಆದರೂ ಬೆಳಗಿನಿಂದ ಮುಚ್ಚಿದ್ದ ಬಾಯಿ ತೆರೆಯಿತಲ್ಲ ಎಂದು ಖುಷಿಯೂ ಆಯಿತು. ಅವಳು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು.

ಆ ನಗೆಯೇ ನಮಗೆ ಮುಳುವಾಯಿತು. ಹೆಂಗಸರಿಗೆಂದು ಹಲಗೆ ಹೊಡೆದು ಮರೆ ಮಾಡಿದ್ದ ಮೂಲೆಯಿಂದ ಒಂದು ದನಿ ಬಂತು. "ಯಾರದು? ಲೇ ನೀಲಾ, ನೀನೇನ?"

ನೀಲಮ್ಮನ ನಗು ಅಲ್ಲಿಗೇ ನಿಂತಿತು. ಹಲಗೆಯ ಹಿಂದಿನಿಂದ ಮೊಸರನ್ನದ ಕೈ ಎತ್ತಿ ಹಿಡಿದುಕೊಂಡು ಗೌರಮ್ಮತ್ತೆ ಹೊರಗೆ ಬಂದಳು. ನಮ್ಮ ರಜೆ ಇಲ್ಲಿಗೆ ಮುಗಿಯಿತು, ಸಂಜೆಯೊಳಗೆ ಇವಳು ಕಂಟೋನ್ಮೆಂಟಿನಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಬೆಳಿಗ್ಗೆ ಅದನ್ನೇ ಬಯಸಿದ್ದವನು ನಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ.

"ಸಿರುಗುಪ್ಪದ ಸಂತ್ಯಾಗ ಅದೀನಿ ಅಂದಿದ್ದೆಲ್ಲ?" ಎಂದಳು ಅತ್ತೆ.

ನೀಲಮ್ಮ ಅತ್ತೆಯ ಮೊಸರುಗೈಯನ್ನೇ ನೋಡುತ್ತ, "ನೀ ಹಲಕುಂದಿ ಮಠದಾಗ ಇರಬೇಕಿತ್ತಲ್ಲತ್ತಿ?" ಎಂದಳು.

ಆಮೇಲೆ ಅತ್ತೆ ನಮ್ಮ ಟೇಬಲಿಗೇ ಬಂದು ಕೂತಳು. "ಮಠಕ್ಕ ಹೋಗ್ತೀನಲೇ, ಸುಳ್ಳಲ್ಲ. ದರ್ಸನ ಮಾಡಿ, ಬರೋ ದಾರ್ಯಾಗ ಇಲ್ಲಿ ಇಳೀತೀನಿ. ಪ್ರತಿ ಸೋಮಾರ. ಮನ್ಯಾಗ ನನ್ನ ಸೊಸಿಗೆ ಹೇಳೀಯ ಮತ್ತ!"

"ನಿಮ್ಮ ಮನ್ಯಾಗ ಊಟಕ್ಕ ಏನು ಕಡಿಮಿ ಐತ್ರಿ ಅತ್ತಿ?" ಎಂದು ಬಾಯಿ ಹಾಕಿದೆ.

ಅತ್ತೆ ನನ್ನ ಕಡೆ ತಿರುಗಿ ಸಮಾಧಾನವಾಗಿಯೇ ಹೇಳಿದಳು. "ಏನೂ ಕಡಿಮಿಲ್ರೀ ಮಾಸ್ತರ. ಹನ್ನೊಂದು ಮಂದಿಗೆ ಬಡಸ್ತೀನಿ, ಕಡೀಕ ನಾ ಹಾಕ್ಕೊಂಡು ಉಣ್ತೀನಿ. ಮದಿವ್ಯಾಗಿ ನಲವತ್ತು ವರ್ಷಾತು, ಸಾಕೇನವ್ವ, ಇನ್ನೊಂಚೂರು ಬೇಕೇನು ಅಂತ ಯಾರೂ ಕೇಳಿಲ್ಲ. ಇಲ್ಲಿ ಈ ಬಡಸೋ ಹುಚ್ಚಪ್ಪ ಮೂರು ಸಲ ಚಾಲಾ ಅಂತಾನ. ಹೊಟ್ಟಿ ತುಂಬಿದ್ರೂ ಸಾಕು ಅನ್ನಾಕ ಮನಸ್ಸು ಬರಂಗಿಲ್ಲ."

ನೀಲಮ್ಮ ತಲೆ ತಗ್ಗಿಸಿದಳು. ನಾನು ನನ್ನ ಅನ್ನದ ರಾಶಿಯ ಹಿಂದೆ ಮುಖ ಮುಚ್ಚಿಕೊಂಡೆ. ಮದುವೆಯಾದಾಗಿನಿಂದ ಇವಳ ಕೈಯಲ್ಲಿ ಎಷ್ಟು ಸಲ ಬಡಿಸಿಕೊಂಡಿದ್ದೇನೆ ಎಂದು ನೆನೆದರೆ ಲೆಕ್ಕವಿಲ್ಲ. ಇವಳ ತಟ್ಟೆಯಲ್ಲಿ ಏನಿತ್ತು ಎಂದು ನೆನೆದರೆ ಒಂದು ಸಲವೂ ನೆನಪಿಗೆ ಬರಲಿಲ್ಲ. ಚಿತ್ರ ಬರೆಯುವವನ ಕಣ್ಣು ಎಂದು ಹೆಮ್ಮೆ ಪಡುವ ಕಣ್ಣು ಇದು. ಮನಸ್ಸಿಗೆ ನಿಜವಾಗಿಯೂ ನಾಚಿಕೆಯಾಯಿತು. ಪ್ರಾಯಶ್ಚಿತ್ತವೆಂದು ಎಲೆಯ ಮೇಲಿದ್ದುದನ್ನೆಲ್ಲ ಉಂಡೆ. ಗೋಡೆಯ ಮೇಲಿನ ಬರಹದ ಅರ್ಥವೂ ಅಷ್ಟರಲ್ಲಿ ಆಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಉಳಿದ ಒಂದೂವರೆ ದಿನ ಯಾವ ಅಡ್ಡಿಯೂ ಇರಲಿಲ್ಲ. ಅತ್ತೆ ನಮ್ಮನ್ನು ಕಂಡಿಲ್ಲ, ನಾವು ಅತ್ತೆಯನ್ನು ಕಂಡಿಲ್ಲ ಎಂದು ಒಪ್ಪಂದವಾಗಿತ್ತು. ನಾನು ಇಡೀ ಇಡೀ ಚಹ ಕುಡಿಸಿದೆ. ಒಂದು ಕಡೆ ಕನ್ನಡಿ ಇದ್ದರೂ ಒಳಗೆ ಹೋದೆ. ಊರಿಗೆ ಬರುವ ಬಸ್ಸಿನಲ್ಲಿ ಉದಾರವಾಗಿ, "ಮುಂದಿನ ಸೋಮವಾರನೂ ಸೂಟಿ ಐತಿ, ಮತ್ತ ಆ ಮೆಸ್ಸಿಗೆ ಹೋಗೋಣಲ್ಲ?" ಎಂದು ಕೇಳಿದೆ.

"ಹೋಗ್ತೀನಿ," ಎಂದಳು. "ಅತ್ತಿ ಕೂಡ ಮಾತಾಡೀನಿ. ನೀವು ಬರಬ್ಯಾಡ್ರಿ."

ಸೋಮವಾರ ಅವಳು ಬೆಳಗಿನ ಬಸ್ಸಿಗೆ ಹೋದಳು. ಮೂರು ದಿನ ಹೋಟೆಲಿನವರಿಂದ ಬಡಿಸಿಕೊಂಡವಳಿಗೆ ಒಂದು ಊಟವನ್ನಾದರೂ ನಾನೇ ಮಾಡಿ ಬಡಿಸಿ, ಅಕ್ಕರೆಯಿಂದ ಸಾಕೇ ಎಂದು ಕೇಳಬೇಕೆಂದು ನಿಶ್ಚಯ ಮಾಡಿದ್ದೆ. ರಾತ್ರಿಯ ಅಡುಗೆ ನನ್ನದೆಂದು ಮನಸ್ಸಿನಲ್ಲೇ ಘೋಷಿಸಿ, ಮಧ್ಯಾಹ್ನ ತಾಲೀಮಿಗೆಂದು ಒಲೆಯ ಮುಂದೆ ನಿಂತೆ. ಸಿರುಗುಪ್ಪದಲ್ಲಿ ಎತ್ತ ನೋಡಿದರೂ ಭತ್ತ, ಅಕ್ಕಿ ಗಿರಣಿ. ಅಂಥ ಊರಿನಲ್ಲಿ ಹದಿನಾಲ್ಕು ವರ್ಷ ಉಂಡವನಿಗೆ ಒಂದು ಪಾವು ಅಕ್ಕಿಗೆ ಎಷ್ಟು ನೀರು ಎಂಬುದು ಗೊತ್ತಿರಲಿಲ್ಲ. ನೀಲಮ್ಮನಿಗೆ ಫೋನು ಹಚ್ಚಿದೆ. ಆಚೆಯಿಂದ ತಟ್ಟೆ ಲೋಟಗಳ ಸದ್ದು, ಅತ್ತೆಯ ನಗು.

"ಅಕ್ಕಿಗೆ ನೀರು ಎಷ್ಟು ಹಾಕ್ಬೇಕು?" ಎಂದು ಕೇಳಿದೆ.

"ಆಮ್ಯಾಲೆ ಮಾಡ್ರಿ, ಈಗ ನನಗ ಬಡಸಾಕ ಹತ್ಯಾರ," ಎಂದು ಫೋನು ಇಟ್ಟುಬಿಟ್ಟಳು.

ಪಾತ್ರೆ ಕಂಠದವರೆಗೆ ನೀರು ಹಾಕಿ ಕುದಿಸಿದೆ. ಅವತ್ತು ಮಧ್ಯಾಹ್ನ ನಾನು ಅನ್ನವನ್ನು ಉಣ್ಣಲಿಲ್ಲ, ಲೋಟದಲ್ಲಿ ಹಾಕಿಕೊಂಡು ಕುಡಿದೆ.